ಮಂಕರಿಯ ಕೆಳಗಿನ ಹೆಜ್ಜೆ

ಚಿಕ್ಕಹನುಮಕ್ಕ ಜನರನ್ನು ಮೊಣಕೈಯಲ್ಲಿ ತಳ್ಳಿಕೊಂಡು ಬೋನಿನ ಹತ್ತಿರ ನುಗ್ಗಿದ್ದು ಚಿರತೆಯ ಮುಖ ನೋಡಲಿಕ್ಕಲ್ಲ, ಕಾಲು ನೋಡಲಿಕ್ಕೆ. ಮುಖ ಯಾರಿಗೆ ಬೇಕು! ಹಟ್ಟಿಯ ಜನವೆಲ್ಲ ಫೋನ್ ಎತ್ತಿ ಹಿಡಿದು ಅದರ ಮೀಸೆ, ಹಲ್ಲು ಅಂತ ಫೋಟೋ ಹೊಡೆಯುತ್ತಿದ್ದರೆ ಇವಳು ಕುಕ್ಕರುಗಾಲಲ್ಲಿ ಕೂತು ಸರಳಿನ ಸಂದಿಯಲ್ಲಿ ಇಣುಕಿದಳು. ಎಡ ಮುಂಗಾಲು. ಒಂದು, ಎರಡು, ಮೂರು, ನಾಲ್ಕು. ಮತ್ತೆ ಎಣಿಸಿದಳು. ನಾಲ್ಕು ಬೆರಳೂ ಇದ್ದವು.

"ಸ್ವಾಮೀ, ಇದು ಅದಲ್ಲ" ಎಂದಳು, ಪಕ್ಕದಲ್ಲಿ ನಿಂತಿದ್ದ ಅರಣ್ಯ ಇಲಾಖೆಯ ಖಾಕಿ ಸಾಹೇಬರಿಗೆ. "ನಮ್ಮ ದೊಡ್ಡಕ್ಕನ್ನ ಎಳ್ಕೊಂಡೋದ ಚಿರತೆಗೆ ಎಡಗಾಲಾಗೆ ಮೂರೇ ಬೆಳ್ಳು. ಇದುಕ್ಕೆ ನಾಕೂ ಅವೆ."

"ನೋಡೋರೆಲ್ಲ ನೋಡಿ ಆಗಿದೆಯಮ್ಮ. ನೀನು ಹೋಗಿ ಕುರಿ ನೋಡ್ಕೋ."

ಕುರಿ ನೋಡಿಕೊಂಡೇ ಕಲಿತ ವಿದ್ಯೆ ಅದು ಅಂತ ಆ ಮಹಾರಾಯರಿಗೆ ಹೇಳುವವರು ಯಾರು? ದಾರಿಯ ಮೇಲಿನ ಗೊರಸಿನ ಗುರುತು ನೋಡಿಯೇ ಇದು ಕುಂಟ ಟಗರು, ಇದು ಗಬ್ಬದ ಕುರಿ ಅಂತ ಹೇಳುವ ಹೆಂಗಸು ಅವಳು. ಮೂರು ವಾರದ ಹಿಂದೆ ಹುಲ್ಲಿಗೆ ಹೋದ ಎದುರುಮನೆಯ ದೊಡ್ಡಕ್ಕ ಗುಡ್ಡದ ಬುಡದ ಬಂಡಿದಾರಿಯಲ್ಲಿ ಹೆಣವಾಗಿ ಸಿಕ್ಕಿದ್ದಳು. ಎಲ್ಲರೂ ಹೆಣ ಹೊತ್ತು ಗೋಳಾಡುತ್ತ ಹೋದರೆ, ಇವಳು ಅಳುತ್ತಲೇ, ಅಲ್ಲಿ ನುಣ್ಣನೆಯ ಧೂಳಿನಲ್ಲಿ ಮೂಡಿದ್ದ ಹೆಜ್ಜೆಯ ಮೇಲೆ ಮನೆಯಿಂದ ತಂದ ಕಸದ ಬುಟ್ಟಿ, ಹಳೆಯ ಮಂಕರಿಯೊಂದನ್ನು ಮಗುಚಿ, ಅದರ ಮೇಲೊಂದು ಕಲ್ಲು ಹೇರಿ ಬಂದಿದ್ದಳು. ಇಲಾಖೆಯವರು ಬಂದಾಗ ತೋರಿಸಿದರಾಯಿತು ಅಂತ. ಬಂದವರು ಬೋನು ಇಟ್ಟು ಹೋದರೇ ಹೊರತು ಮಂಕರಿ ಎತ್ತಿ ನೋಡಲಿಲ್ಲ.

ಅಷ್ಟರಲ್ಲಿ ಟೀವಿಯ ಹುಡುಗಿ ಮೈಕು ಹಿಡಿದುಕೊಂಡು ಬಂದು "ಈಗ ಹೇಗನ್ನಿಸ್ತಿದೆ?" ಎಂದು ಕೇಳಿದಳು. ಸದ್ಯ, ಕೇಳುವವರೊಬ್ಬರು ಸಿಕ್ಕರಲ್ಲ! ಚಿಕ್ಕಹನುಮಕ್ಕ ಮೂರು ಬೆರಳಿನ ಕತೆಯನ್ನು ಒಂದು ಮಾತೂ ಬಿಡದೆ ಹೇಳಿದಳು. ಸಂಜೆ ಇಲಾಖೆಯವರು ಬೋನನ್ನು ಲಾರಿಗೆ ಹೇರಿಕೊಂಡು ಹೋದ ಮೇಲೆ ಟೀವಿಯವರ ವ್ಯಾನೂ ಬಂಡಿದಾರಿಯ ಧೂಳೆಬ್ಬಿಸಿಕೊಂಡು ಹೊರಟುಹೋಯಿತು.

"ಅಮ್ಮಾ, ಓಡ್ಬಾ! ನೀನು ಟೀವೀಲಿ!"

ರಾತ್ರಿ ಊಟದ ಹೊತ್ತಿಗೆ ಚಪ್ಪಾಳೆ ತಟ್ಟಿ ಕೂಗಿದ್ದು ಮಗಳು ಅನುಪಮಾ. ಹತ್ತನೇ ಕ್ಲಾಸಿನವಳು. ಹೌದು, ಅದು ಚಿಕ್ಕಹನುಮಕ್ಕನ ಮುಖವೇ. ಬಾಯಿ ಆಡುತ್ತಿತ್ತು, ಕೈ ಆಡುತ್ತಿತ್ತು. ಮಾತು ಮಾತ್ರ ಕೇಳುತ್ತಿರಲಿಲ್ಲ, ಅದರ ಮೇಲೆ ಡೋಲು ಬಡಿದಂಥ ಮ್ಯೂಸಿಕ್ಕು. ಕೆಳಗೆ ಕೆಂಪು ಪಟ್ಟಿಯಲ್ಲಿ ದಪ್ಪ ಅಕ್ಷರ: 'ನರಭಕ್ಷಕ ಚಿರತೆ ಸೆರೆ. ನಿಟ್ಟುಸಿರು ಬಿಟ್ಟ ಹಟ್ಟಿ ಜನ.'

"ನಾಳೆಯಿಂದ ಸ್ಪೆಷಲ್ ಕ್ಲಾಸ್ ಶುರು. ಐದೂವರೆಗೇ ಹೊರಡ್ಬೇಕು, ಕೊಡಿಗೇನಹಳ್ಳಿ ಬಸ್ಸಿಗೆ" ಎಂದಳು ಅನುಪಮಾ.

"ಬ್ಯಾಡ ಕಣವ್ವ. ಅದು ಇನ್ನೂ ಗುಡ್ಡದಾಗೇ ಐತೆ."

"ಟೀವಿಯೋರು, ಆಫೀಸರು, ನಮ್ಮ ಹೆಡ್‌ಮಾಸ್ಟ್ರು, ಎಲ್ಲಾರೂ ಸುಳ್ಳು, ನೀನೊಬ್ಳೇ ನಿಜಾನಾ? ಪರೀಕ್ಷೆಗೆ ಇಪ್ಪತ್ತು ದಿನ ಐತೆ. ನಾನೂ ನಿನ್ನಂಗೇ ಕುರಿ ಹಿಂದೆ ಅಲೀಲಾ?"

ಆ ಮಾತು ಚಿಕ್ಕಹನುಮಕ್ಕನಿಗೆ ನಾಟಿತು. ಅವಳು ರಾತ್ರಿಯೆಲ್ಲ ಮಗ್ಗುಲು ಬದಲಿಸಿದಳು. ತಾನೇ ತಪ್ಪಿದ್ದರೆ? ಧೂಳಿನಲ್ಲಿ ಒಂದು ಬೆರಳು ಮೂಡದೆ ಹೋಗಿರಬಹುದಲ್ಲ? ಹಾಗೇ ಆಗಿರಲಪ್ಪಾ ದೇವರೇ, ಅಂತ ಕೈಮುಗಿದಳು. ತಾನು ದಡ್ಡಿ ಅನ್ನಿಸಿಕೊಂಡರೂ ಸರಿ, ಮಗಳು ನೆಮ್ಮದಿಯಾಗಿ ಸ್ಕೂಲಿಗೆ ಹೋಗಿ ಬಂದರೆ ಸಾಕು.

ಬೆಳಗ್ಗೆ ಮಗಳು ಬ್ಯಾಗು ಏರಿಸಿಕೊಂಡದ್ದೇ ಇವಳೂ ದೊಣ್ಣೆ, ಟಾರ್ಚು ಹಿಡಿದು ಮುಂದೆ ನಡೆದಳು. ಬೇಡ ಎಂದರೂ ಕೇಳಲಿಲ್ಲ. ಬಂಡಿದಾರಿಗೆ ಬಂದವಳೇ ಕಲ್ಲು ಸರಿಸಿ ಮಂಕರಿ ಎತ್ತಿದಳು. ಹಳೆಯ ಹೆಜ್ಜೆ ಹಾಗೇ ಇತ್ತು. "ಬಸ್ ಹೊರಟೋಗುತ್ತಮ್ಮಾ" ಅಂತ ಮಗಳು ಕಾಲು ಕುಟ್ಟಿದಳು. ಚಿಕ್ಕಹನುಮಕ್ಕನ ಟಾರ್ಚು ಒಂದು ಮಾರು ಆಚೆಗೆ ಹೊರಳಿ ಅಲ್ಲೇ ನಿಂತಿತು.

"ಅನೂ, ಬಾ ಇಲ್ಲಿ. ನಾನೇನೂ ಹೇಳಾಕಿಲ್ಲ. ನೀನೇ ನೋಡು, ನೀನೇ ಎಣ್ಸು."

ನಿನ್ನೆ ಸಂಜೆ ಹೋದ ವ್ಯಾನಿನ ಟೈರಿನ ಗುರುತು ಧೂಳಿನಲ್ಲಿ ಅಚ್ಚೊತ್ತಿದ ಹಾಗೆ ಕಾಣುತ್ತಿತ್ತು. ಆ ಗೆರೆಗಳನ್ನು ಅಳಿಸಿ, ಅವುಗಳ ನಟ್ಟನಡುವೆ, ಒಂದು ಹೆಜ್ಜೆ. ಅನುಪಮಾ ಬಗ್ಗಿ ಎಣಿಸಿದಳು. ತಿರುಗಿ ಮಂಕರಿಯ ಕೆಳಗಿದ್ದದ್ದನ್ನು ಎಣಿಸಿದಳು. ಅಲ್ಲೂ ಮೂರು, ಇಲ್ಲೂ ಮೂರು.

"ಟೈರಿನ ಗುರುತಿನ ಮ್ಯಾಲೈತಲ್ಲಮ್ಮ..." ಎಂದಳು ಅನುಪಮಾ. ಬೋನಿಗೆ ಬಿದ್ದ ಚಿರತೆ ಆ ವ್ಯಾನಿಗಿಂತ ಮೊದಲೇ ಊರು ಬಿಟ್ಟಿತ್ತು.

ಆಗ ಗುಡ್ಡದ ಮೇಲಿನಹಟ್ಟಿಯ ಕಡೆಯಿಂದ ನಗು ಕೇಳಿಸಿತು. ಮೂರು ಫೋನಿನ ಬೆಳಕು ಕಾಲುದಾರಿಯಲ್ಲಿ ಇಳಿದು ಬರುತ್ತಿದ್ದವು. ಅನುಪಮಾಳ ಕ್ಲಾಸಿನ ಹುಡುಗಿಯರು, ಅದೇ ಬಸ್ಸಿಗೆ ಹೊರಟವರು. ಚಿಕ್ಕಹನುಮಕ್ಕ ಟಾರ್ಚನ್ನು ಅತ್ತ ತಿರುಗಿಸಿ ಜೋರಾಗಿ ಬೀಸಿದಳು. ಕೂಗಿದ್ದು ಅನುಪಮಾ.

"ಹಿಂದಕ್ಕೋಗ್ರೇ! ಚಿರತೆ ಇಲ್ಲೇ ಐತೆ ಕಣ್ರೇ! ಟೀವೀಲಿ ಹೇಳಿದ್ದು ಸುಳ್ಳು!"

ಮೇಲಿನಿಂದ ನಗು ಇನ್ನೂ ಜೋರಾಯಿತು. ಬೆಳಕುಗಳು ನಿಲ್ಲದೆ ಇಳಿಯುತ್ತಲೇ ಇದ್ದವು.

"ಸಾಕು ಸುಮ್ಕಿರೇ, ಹೆದರಿಸ್ಬ್ಯಾಡ! ರಾತ್ರಿ ಟೀವೀಲಿ ನಿಮ್ಮಮ್ಮನ್ನೇ ನೋಡಿದ್ವಲ್ಲ!"