ಶುಕ್ರವಾರದ ಹೊಸ್ತಿಲು

ಹೊಳಗುಂದದ ಹಿಂದಿನ ಓಣಿಯ ಹದಿನಾಲ್ಕು ಮನೆಗಳ ಮುಂದೆ ನೆಲ ಅಗೆದು, ಪೈಪು ಹೂಳಿ, ನಲ್ಲಿಗಳನ್ನೂ ಬಿಗಿದು ಕೂಲಿಯವರು ಇಳಿಹೊತ್ತಿಗೆ ಬುತ್ತಿ ಬಿಚ್ಚಿದ್ದರು. ಬೈಕಿನಿಂದಿಳಿದ ನೀರಿನ ಕಂಪನಿಯ ಇಂಜಿನಿಯರು ಶಿವಕೃಷ್ಣ ಇಳಿದಲ್ಲೇ ನಿಂತುಬಿಟ್ಟ.

"ಈ ಓಣಿಗೆ ಹಾಕು ಅಂತ ಯಾರು ಹೇಳಿದ್ರು?"

"ನೀವಽ ಸಾರ್," ಎಂದ ಮೇಸ್ತ್ರಿ, ರೊಟ್ಟಿಯಿಂದ ತಲೆಯೆತ್ತದೆ. "ಹೊಸ್ತಿಲ ಮ್ಯಾಲ ಹಳದಿ ಪಟ್ಟಿ, ಕೆಂಪು ಬೊಟ್ಟು ಇದ್ದ ಮನಿಗೆಲ್ಲ ಹಾಕು ಅಂದಿದ್ರಿ. ಒಂದೂ ಬಿಟ್ಟಿಲ್ಲ ನೋಡ್ರಿ."

ಬಿಟ್ಟಿರಲಿಲ್ಲ, ನಿಜ. ಗುರುವಾರ ಶಿವಕೃಷ್ಣ ಕಂಪನಿಯ ಹಳದಿ, ಕೆಂಪು ಬಣ್ಣದಲ್ಲಿ ಗುರುತು ಬಳಿದದ್ದು ಮುಂದಿನ ಬೀದಿಗಷ್ಟೇ. ಇಂದು ಶುಕ್ರವಾರ. ಈ ಓಣಿಯ ಹೆಂಗಸರು ಎಂದಿನಂತೆ ನಸುಕಿನಲ್ಲೇ ಹೊಸ್ತಿಲು ತೊಳೆದು ಅರಿಶಿನ ಬಳಿದು ಕುಂಕುಮವಿಟ್ಟಿದ್ದರು. ಎಂದಿಗಿಂತ ತುಸು ದಪ್ಪವಾಗಿಯೇ.

ಮೊದಲ ಮನೆಯ ಗಾದಿಲಿಂಗಮ್ಮ ತನ್ನ ಕಟ್ಟೆಯ ಮೇಲಿಂದ ಅವನನ್ನೇ ನೋಡುತ್ತಿದ್ದಳು. ಬಂಡವಾಳ ಹಾಕಿದವರು ಲಾಭದ ಬೀದಿಯನ್ನಷ್ಟೇ ಆರಿಸಿದ್ದಾರೆ, ಕುರಿ ಸಾಕುವವರ ಈ ಓಣಿಯಾಗಲಿ ಅದರ ತುದಿಯ ಶಾಲೆಯಾಗಲಿ ಪಟ್ಟಿಯಲ್ಲಿಲ್ಲ ಎಂದು ಇದೇ ಹುಡುಗ ಹೋದ ವಾರ ಹೇಳಿದ್ದ. ನೀರು ಕೊಡಬಂದವನು ಬಾಯಾರಿಕೆಯನ್ನು ನೋಡಬೇಕೇ ಹೊರತು ಬಾಗಿಲಿನ ಅಂದವನ್ನಲ್ಲ ಎಂದು ಆಕೆ ಅಂದೇ ಕುದಿದಿದ್ದಳು. ನಲವತ್ತು ವರ್ಷ ಕೊಡ ಹೊತ್ತ ಸೊಂಟ ಆಕೆಯದು.

"ತಪ್ಪಾಗೈತಿ, ಪೈಪ್ ಕೀಳಸ್ತೀನಿ," ಎಂದ ಶಿವಕೃಷ್ಣ. "ಮೊದ್ಲು ಇದನ್ನ ಒರಸ್ರಮ್ಮಾ. ಇಲ್ಲಾಂದ್ರ ನಾಳೆ ಮತ್ತ ಅಗೀತಾರ ಇವ್ರು."

ಗಾದಿಲಿಂಗಮ್ಮ ಎದ್ದು, ಬಟ್ಟೆಯೊಂದನ್ನು ಒದ್ದೆ ಮಾಡಿ ಅವನ ಕೈಗೇ ಕೊಟ್ಟಳು. "ಶುಕ್ರವಾರದ ಕುಂಕುಮ ನನ್ನ ಕೈಲೆ ಒರಸಾಕ ಆಗಂಗಿಲ್ಲಪಾ. ನಿಮ್ಮ ಕಂಪನಿಗೆ ಆಗ್ತಿದ್ರ ನೀನಽ ಒರಸು."

"ಒರಸಿ ನಿಮ್ಮವ್ವಗ ಫೋನ್ ಮಾಡು," ಎಂದಳು ಎದುರುಮನೆಯ ದಸ್ತಗಿರಮ್ಮ. "ಹದಿನಾಲ್ಕು ಮನೀದು ಒರಸೀನಿ ಬೇ ಅಂತ ಹೇಳು. ಹೋಳಿಗಿ ಮಾಡಿ ಇಟ್ಟಿರ್ತಾಳ."

ಓಣಿಯೆಲ್ಲ ನಕ್ಕಿತು. ಶಿವಕೃಷ್ಣ ಬಾಗಿದ. ಕುಂಕುಮ ಗೇಣು ದೂರವಿರುವಾಗಲೇ ಕೈ ನಿಂತಿತು. ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಸ್ವಲ್ಪ ಹೊತ್ತಿಗೆ ಅವನು ಬೆನ್ನು ನೆಟ್ಟಗೆ ಮಾಡಿದ, ತುಟಿಯಂಚಿನಲ್ಲಿ ನಗೆಯಿತ್ತು.

"ಮೇಸ್ತ್ರಿ, ವಾಲ್ವ್ ತಿರುವು. ಗುರುತಿದ್ದ ಮನಿಗೆಲ್ಲ ಹಾಕೀವಿ ಅಂತ ಕಂಪನಿಗೆ ನಾನಽ ಬರೀತೀನಿ. ಸುಳ್ಳೇನಲ್ಲಲ್ಲ."

ನಲ್ಲಿ ಕೆಮ್ಮಿತು, ಕೆಂಪಗೆ ಉಗುಳಿತು, ಆಮೇಲೆ ತಿಳಿಯಾಗಿ ಧುಮುಕಿತು. ಹೆಂಗಸರು ಕೊಡ ಮರೆತು ಬೊಗಸೆಯೊಡ್ಡಿ ಒಬ್ಬರಿಗೊಬ್ಬರು ಎರಚಾಡಿದರು.

ಗಾದಿಲಿಂಗಮ್ಮ ಮಾತ್ರ ಮೊದಲ ತಂಬಿಗೆ ನೀರನ್ನು ಚೆಲ್ಲದೆ ಒಳಗೊಯ್ದು ಅರಿಶಿನ ಕಲಸತೊಡಗಿದಳು. ಓಣಿಯ ತುದಿಯ ಶಾಲೆಯ ಹೊಸ್ತಿಲು ಬಹಳ ಅಗಲ. ಒಂದು ಹಿಡಿ ಸಾಲದು.