ಕೈಕಟ್ಟಿ ನಿಂತವನು

ಆ ಕುಂಟ ಇವತ್ತೂ ಕೈಕಟ್ಟಿಕೊಂಡು ಗೋಡೆಗೊರಗಿ ನಿಂತಿದ್ದ. ಟ್ಯುನೀಷಿಯಾದ ಸೂಸ್ ಕಡಲತೀರದ ಹೋಟೆಲೊಂದರಲ್ಲಿ ಬಟ್ಟೆ ಒಗೆಯುವ ವಿಭಾಗದ ಮುಖ್ಯಸ್ಥನಾದ ಶಾದ್ಲಿ, ಗಾಜಿನಾಚೆಯಿಂದ ಅದನ್ನು ನೋಡಿ ಹಲ್ಲು ಕಡಿದ. ಮೇಜಿನ ಮೇಲೆ ತುವಾಲುಗಳ ಗುಡ್ಡ. ಮಡಚುತ್ತಿದ್ದವನು ಝುಹೈರ್ ಒಬ್ಬನೇ.

"ದಂಡಪಿಂಡ," ಎಂದ ಶಾದ್ಲಿ.

ಇಬ್ಬರನ್ನೂ ಕಳಿಸಿದ್ದು ಊರಾಚೆಯ ಒಂದು ಕೇಂದ್ರ. ಬುದ್ಧಿಯ ಬೆಳವಣಿಗೆಯಲ್ಲಿ ತೊಂದರೆಯಿರುವ ದೊಡ್ಡವರಿಗೆ ಕೆಲಸ ಹುಡುಕಿಕೊಟ್ಟು, ಜೊತೆಗೆ ಕೆಲಸ ಕಲಿಸುವವನೊಬ್ಬನನ್ನೂ ಕಳಿಸುವುದು ಅವರ ಪದ್ಧತಿ. ಮೂರು ತಿಂಗಳ ಪರೀಕ್ಷೆ. ಆಮೇಲೆ ಕಾಯಂ, ಇಲ್ಲವೇ ಮನೆಗೆ. ಕಾನೂನಿನ ಕಾಟಕ್ಕೆ ಮಾಲೀಕರು ಟ್ಯೂನಿಸ್‌ನಲ್ಲಿ ಕೂತೇ ಒಪ್ಪಿಕೊಂಡಿದ್ದರು. ಇಟ್ಟುಕೊಳ್ಳುವ, ಬಿಡುವ ತೀರ್ಮಾನ ಮಾತ್ರ ಶಾದ್ಲಿಯದು.

"ಇದೇನು ಹೋಟೆಲ್ಲೋ ಹುಚ್ಚಾಸ್ಪತ್ರೆನೋ?" ಎಂದು ಅವನು ಇಸ್ತ್ರಿಯ ಹೆಂಗಸರ ಮುಂದೆ ಹಾರಾಡಿದ್ದ.

ಮೊದಲ ದಿನ ಬಂದವರಲ್ಲಿ ಒಬ್ಬ ಕಾಲೆಳೆಯುತ್ತಿದ್ದ. ಬಾಯಿ ಒಂದು ಕಡೆಗೆ ಸೊಟ್ಟ, ಹೆಸರು ಲಸ್ಸಾದ್. ಇನ್ನೊಬ್ಬ ಝುಹೈರ್. ಗರಿಗರಿಯಾದ ಅಂಗಿ, ಕತ್ತಿನವರೆಗೂ ಗುಂಡಿ, ಯಾರ ಮುಖವನ್ನೂ ನೋಡದ ಗತ್ತು.

"ನಾ... ನಾ... ನಾನು..." ಎಂದು ಲಸ್ಸಾದ್ ಶುರುಮಾಡಿದ.

"ಸಾಕು ಬಿಡಪ್ಪಾ, ಗೊತ್ತಾಯ್ತು." ಶಾದ್ಲಿ ಅವನ ಬಾಯಿ ಮುಚ್ಚಿಸಿ ಝುಹೈರ್‌ನತ್ತ ಕುರ್ಚಿ ಎಳೆದ. "ಕೂತ್ಕೊಳ್ಳಿ, ಸೀ ಝುಹೈರ್. ಪುದೀನಾ ಚಹಾ ತರಿಸ್ತೀನಿ."

'ಸೀ' ಎಂಬ ಮರ್ಯಾದೆ ಶಾದ್ಲಿಯ ಬಾಯಿಂದ ಸುಲಭಕ್ಕೆ ಉದುರುವಂಥದ್ದಲ್ಲ. ಲಸ್ಸಾದ್ ಆ ಕುರ್ಚಿಯನ್ನೂ ಅದರಲ್ಲಿ ಕೂತ ಝುಹೈರ್‌ನನ್ನೂ ಒಂದು ಗಳಿಗೆ ನೋಡಿದ. ಆಮೇಲೆ ಪೆಕರನಂತೆ ನಕ್ಕು ಸುಮ್ಮನಾದ. ಶಾದ್ಲಿಯ ಎದುರು ಮತ್ತೆ ಅವನು ಬಾಯಿ ಬಿಡಲಿಲ್ಲ. ಅದೊಂದು ಉಪಕಾರವೆಂದು ಶಾದ್ಲಿ ಭಾವಿಸಿದ.

ಶುರುವಿನಲ್ಲಿ ಲಸ್ಸಾದ್ ಕತ್ತೆಯಂತೆ ದುಡಿದ. ಇಸ್ತ್ರಿಯ ಹೆಂಗಸರ ಹತ್ತಿರ ತೊದಲುತ್ತಾ ಕೇಳಿ, ಅಂಚು ಒಳಗೆ ಬರುವಂತೆ ತುವಾಲು ಮಡಚುವುದನ್ನು ಕಲಿತ. ಒಂದೇ ತುವಾಲನ್ನು ಬಿಚ್ಚಿ ಮಡಚಿದ, ಮತ್ತೆ ಬಿಚ್ಚಿ ಮಡಚಿದ. ಝುಹೈರ್ ಪಕ್ಕದಲ್ಲಿ ನಿಂತು ಅವನ ಕೈಗಳನ್ನೇ ನೋಡುತ್ತಿದ್ದ, ಒಂದು ಸಲವೂ ಗದರಲಿಲ್ಲ. ಎಂಥ ತಾಳ್ಮೆಯಪ್ಪಾ ಎಂದು ಶಾದ್ಲಿ ತಲೆದೂಗಿದ.

ಆಮೇಲೆ ಶುರುವಾಯಿತು ಸೋಮಾರಿತನ. ಲಸ್ಸಾದ್ ಕೊನೆಯ ಮಡಿಕೆ ಬಿಟ್ಟುಬಿಡುತ್ತಿದ್ದ, ಝುಹೈರ್ ಮುಗಿಸುತ್ತಿದ್ದ. ನಂತರ ಅರ್ಧಕ್ಕೇ ಬಿಡತೊಡಗಿದ. ಈಗ ತುವಾಲು ಮುಟ್ಟುವುದೂ ಇಲ್ಲ. ಮೇಜಿನ ಪಕ್ಕ ಇದ್ದವನು ಬಾಗಿಲ ಹತ್ತಿರ ಸರಿದ, ಬಾಗಿಲಿನಿಂದ ದೂರದ ಗೋಡೆಗೆ.

"ಇವನನ್ನ ಕಟ್ಕೊಂಡು ಹೆಂಗೆ ಏಗ್ತೀರಿ, ಸೀ ಝುಹೈರ್? ನಾಲಾಯಕ್ಕು!"

"ನಾಲಾಯಕ್ಕು," ಎಂದ ಝುಹೈರ್, ತುವಾಲಿನಿಂದ ಕಣ್ಣೆತ್ತದೆ.

"ಹಂಗೆ ಹೇಳಿ!" ಶಾದ್ಲಿಗೆ ಖುಷಿಯೋ ಖುಷಿ.

ಒಂದು ದಿನ ಬಟ್ಟೆ ಒಣಗಿಸುವ ಹಳೆಯ ಯಂತ್ರ ಮತ್ತೆ ಕರ್ಕಶವಾಗಿ ಕಿರುಚತೊಡಗಿತು. ಝುಹೈರ್ ಎರಡೂ ಕಿವಿ ಮುಚ್ಚಿಕೊಂಡು ಅಂಗಳಕ್ಕೆ ನಡೆದ. ಲಸ್ಸಾದ್ ಕಾಲೆಳೆಯುತ್ತಾ ಹಿಂದೆಯೇ ಓಡಿದ. "ನೋಡ್ರೇ, ಗುರು ಒಂದು ನಿಮಿಷ ಮರೆಯಾದ್ರೆ ಶಿಷ್ಯನಿಗೆ ಉಸಿರು ಕಟ್ಟುತ್ತೆ," ಎಂದು ಶಾದ್ಲಿ ಹೆಂಗಸರನ್ನು ನಗಿಸಿದ. ಓದಿದವರ ಕಿವಿ ಸೂಕ್ಷ್ಮವೆಂದು ಅವತ್ತೇ ಯಂತ್ರ ರಿಪೇರಿ ಮಾಡಿಸಿದ. ಅದನ್ನು ಸರಿಮಾಡಿಸಿ ಎಂದು ಆ ಹೆಂಗಸರು ವರ್ಷಗಳಿಂದ ಗೋಗರೆಯುತ್ತಿದ್ದರು.

ಒಂದು ಮಧ್ಯಾಹ್ನ ಗೇಟಿನ ಹತ್ತಿರ ಮುದುಕಿಯೊಬ್ಬಳು ಮಕ್ರೂದ್ ಸಿಹಿಯ ಡಬ್ಬಿ ಹಿಡಿದು ನಿಂತಿದ್ದಳು.

"ನನ್ನ ಮಗನ್ನ ಉಳಿಸ್ಕೊಳ್ತೀರಾ, ಯಜಮಾನ್ರೇ? ಹೋದ ಕಡೆಯೆಲ್ಲ ವಾರಕ್ಕೇ ವಾಪಸ್ ಕಳಿಸಿದ್ರು. ಇಲ್ಲೂ ಕಳಿಸಿದ್ರೆ ಮತ್ತೆ ಕಿಟಕಿ ಮುಂದೆ ಕೂತುಬಿಡ್ತಾನೆ. ನಾನು ಸತ್ತಮೇಲೂ ಅಲ್ಲೇ ಕೂತಿರ್ತಾನೆ."

ಶಾದ್ಲಿ ಗೋಡೆಗೊರಗಿದವನ ಕಡೆ ಕಣ್ಣು ಹಾಯಿಸಿದ. "ನೋಡೋಣ ತಾಯೀ. ಭರವಸೆ ಕೊಡಕ್ಕಾಗಲ್ಲ."

ಲಸ್ಸಾದ್ ಕುಂಟುತ್ತಾ ಬಂದು ಡಬ್ಬಿ ತೆಗೆದುಕೊಂಡ. ಅವಳು ಅವನ ಕೈ ಎತ್ತಿ ಕಣ್ಣಿಗೊತ್ತಿಕೊಂಡಳು. ಹೆತ್ತ ಕರುಳು ಪಾಪ ಎಂದುಕೊಂಡ ಶಾದ್ಲಿ. ಆದರೆ ಕರುಣೆಯಿಂದ ತುವಾಲು ಮಡಚುವುದಕ್ಕಾಗುವುದಿಲ್ಲ.

ಗಡುವು ಮುಗಿದ ದಿನ ಅವನೇ ಕೇಂದ್ರದ ಮುಖ್ಯಸ್ಥೆ ಮದಾಮ್ ರಫೀಕಾಗೆ ಫೋನ್ ಮಾಡಿದ.

"ನಾಳೆಯಿಂದ ಲಸ್ಸಾದ್‌ನ ಕಳಿಸ್ಬೇಡಿ. ಝುಹೈರ್‌ನ ನನಗೆ ಬಿಟ್ಕೊಡಿ. ಕಾಯಂ ಕೆಲಸ, ಪೂರಾ ಸಂಬಳ."

ಮದಾಮ್ ಒತ್ತಿ ಕೇಳಿದರು: "ಲಸ್ಸಾದ್ ಇಲ್ದೆ, ಝುಹೈರ್ ಒಬ್ಬನೇ ಸಾಕಾ ನಿಮಗೆ?"

"ಇವನು ಇದ್ದು ಏನು ಕಡಿದು ಕಟ್ಟೆ ಹಾಕಿದ್ದಾನೆ? ನಿಮ್ಮ ಕೇಂದ್ರಕ್ಕೆ ನಷ್ಟ, ಗೊತ್ತು. ಇಂಥ ಆಳು ನಿಮಗೆ ಮತ್ತೆ ಸಿಗಲ್ಲ."

"ಹಾಗಾದ್ರೆ ಬರೆದು ಕೊಡಿ."

ಶಾದ್ಲಿ ಬರೆದು, ಸಹಿ ಹಾಕಿ, ಹೋಟೆಲಿನ ಮೊಹರು ಒತ್ತಿ ಲಸ್ಸಾದ್‌ನ ಮುಂದೆ ಬಿಸಾಕಿದ. "ತಗೊಂಡು ಹೋಗಿ ನಿಮ್ಮ ಮೇಡಮ್ಮಿಗೆ ಕೊಡು. ನಿನಗೆ ಇಲ್ಲಿ ಕೆಲಸ ಇಲ್ಲ, ತಿಳೀತಾ?"

ಲಸ್ಸಾದ್ ಮೊದಲ ದಿನದಂತೆಯೇ ನಕ್ಕ. ಕಾಗದ ಜೇಬಿಗಿಟ್ಟುಕೊಂಡು ಮೇಜಿನ ಹತ್ತಿರ ಹೋದ. ಒಂದು ತುವಾಲು ಎತ್ತಿ, ಬೇಕೆಂದೇ ಅಂಚು ಸೊಟ್ಟ ಮಾಡಿ ಇಟ್ಟ. ಝುಹೈರ್ ಅದನ್ನು ಎಳೆದುಕೊಂಡು ನೇರಮಾಡಿ ರಾಶಿಗೆ ಸೇರಿಸಿದ. ಲಸ್ಸಾದ್ ಹೊರಟುಹೋದದ್ದನ್ನು ಅವನು ನೋಡಲೂ ಇಲ್ಲ.

ಗೇಟಿನಲ್ಲಿ ಮುದುಕಿ ಕಾಯುತ್ತಿದ್ದಳು. ಲಸ್ಸಾದ್‌ನ ಕಣ್ಣಲ್ಲಿ ನೀರು ಕಂಡು ಅವಳೂ ಅಳತೊಡಗಿದಳು.

"ಅ... ಅಳ್ಬೇಡಿ ಅಮ್ಮಾ," ಎಂದು ಅವನು ಕಾಗದ ಅವಳ ಕೈಗಿಟ್ಟ. "ನಿಮ್ಮ ಮಗ ಝು... ಝುಹೈರ್‌ಗೆ ಕೆಲಸ ಕಾಯಂ ಆಯ್ತು. ಅವನಿಗೆ ಕಲಿಸೋದು ಇನ್ನು ನನಗೇನೂ ಉಳಿದಿಲ್ಲ."