‘ನಾನು’ ಅನ್ನು

ವಿಮೆಯನ್ನು ಠೇವಣಿ ಎಂದು ಸುಳ್ಳು ಹೇಳಿ ಮುದುಕರಿಗೆ ಮಾರಿದ ಬ್ಯಾಂಕಿನ ಸುದ್ದಿ ಬೆಳಿಗ್ಗೆ ಟೀವಿಯಲ್ಲಿ ಬಂದಿತ್ತು. ಮಧ್ಯಾಹ್ನ ಆ ಬ್ಯಾಂಕಿನ ಮ್ಯಾನೇಜರು ವಿಮೆ ಮಾರಿದ ಹುಡುಗಿಯನ್ನು ಕ್ಯಾಬಿನ್ನಿಗೆ ಕರೆದು ಬಾಗಿಲು ಹಾಕಿದರು.

“ಹೆಡ್ ಆಫೀಸಿನವರು ಏನಂದ್ರು?”

“ಬರೆದು ಕೊಟ್ಟರೆ ಒಪ್ಪಲ್ವಂತೆ ಸಾರ್. ತಪ್ಪು ಯಾರದೋ ಅವರು ತಮ್ಮ ಬಾಯಲ್ಲೇ ಹೇಳಿ, ವಾಟ್ಸಾಪಲ್ಲಿ ವಾಯ್ಸ್ ಮೆಸೇಜ್ ಕಳಿಸ್ಬೇಕಂತೆ.”

“ಏನು ಹೇಳ್ತೀಯ?”

“ನಾವು ತಪ್ಪು ಮಾಡಿದ್ವಿ ಅಂತ.”

“ನಾವು ಅಂದ್ರೆ ಯಾರು? ನಿನ್ ಜೊತೆ ನಾನೂ ಮನೆಮನೆ ತಿರುಗಿದ್ನಾ?”

“ಠೇವಣಿ ಅಂತ ಹೇಳಿ ಮಾರು ಅಂದಿದ್ದು ನೀವೇ ಅಲ್ವಾ? ‘ನಾನು’ ಅನ್ಬೇಡ, ‘ನಾವು’ ಅನ್ನು, ಜನ ನಂಬ್ತಾರೆ ಅಂತಾನೂ ನೀವೇ ಹೇಳ್ಕೊಟ್ರಿ.”

“ಅದು ಮಾರೋವಾಗ, ಮಹಾರಾಯ್ತಿ! ಈಗ ಬ್ಯಾಂಕಿನ ಮಾನ ಉಳೀಬೇಕು. ಬಾಯಿ ಮುಚ್ಕೊಂಡು ‘ನಾನು’ ಅನ್ನು. ಆಗಲ್ಲ ಅಂದ್ರೆ ನಾಳೆಯಿಂದ ಈ ಕಡೆ ತಲೆ ಹಾಕ್ಬೇಡ.”

ಅವಳು ಫೋನು ಕೈಗೆತ್ತಿಕೊಂಡು ಹೆಡ್ ಆಫೀಸಿನ ವಾಟ್ಸಾಪ್ ತೆರೆದಳು.

“ನನ್ ಬಾಯಿ ತೊದಲುತ್ತೆ ಸಾರ್. ಹೇಗೆ ಹೇಳ್ಬೇಕು ಅಂತ ಒಂದ್ಸಲ ನೀವೇ ಹೇಳಿ ತೋರಿಸಿ.”

ಮ್ಯಾನೇಜರು ಗಂಟಲು ಸರಿಮಾಡಿಕೊಂಡು, ಪುಸ್ತಕ ಓದುವವರ ಹಾಗೆ ನಿಧಾನವಾಗಿ ಹೇಳಿದರು: “ಬ್ಯಾಂಕಿನದು ಏನೂ ತಪ್ಪಿಲ್ಲ. ಅದು ವಿಮೆ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೇ ಜನರಿಗೆ ಮೋಸ ಮಾಡಿದೆ. ಪೂರ್ತಿ ಜವಾಬ್ದಾರಿ ನನ್ನದೇ.”

ಅವಳು ಫೋನಿನಲ್ಲಿ ಮೈಕ್ ಒತ್ತಿ ಹಿಡಿದಿದ್ದ ಹೆಬ್ಬೆರಳು ಎತ್ತಿದಳು.

“ಹೂಂ, ಈಗ ಹೀಗೇ ಹೇಳಿ ಕಳಿಸು,” ಎಂದರು ಮ್ಯಾನೇಜರು.

“ಕಳಿಸಿ ಆಯ್ತು ಸಾರ್. ನಿಮ್ಮ ಬಾಯಲ್ಲೇ.”